ಬೆಲ್ಟ್ ಹಾಕಿದ ಮೇಲೆ ಎಂಜಿನ್ ಮುನಿದರೆ

ಹೊಸ ಟೈಮಿಂಗ್ ಬೆಲ್ಟ್ ಕೂತಿದೆ. ಕವರ್ ಮುಚ್ಚಿದ್ದಾಯಿತು, ಬಿಚ್ಚಿಟ್ಟ ಬೋಲ್ಟ್‌ಗಳೆಲ್ಲ ಅವುಗಳ ಜಾಗಕ್ಕೆ ಹೋದವು. ಕೀಲಿ ತಿರುಗಿಸಿದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆದರೂ ನಡುಗುತ್ತದೆ, ಇಲ್ಲವೇ ಮೊದಲು ಕೇಳಿರದ ಯಾವುದೋ ಸದ್ದು ಬರುತ್ತದೆ. ಇಂಥ ಹೊತ್ತಿನಲ್ಲಿ ಕೈ ತಾನಾಗಿ ಮತ್ತೆ ಕೀಲಿಯ ಕಡೆ ಹೋಗುತ್ತದೆ. ದಯವಿಟ್ಟು ಹೋಗಗೊಡಬೇಡಿ. ಕೀಲಿ ತೆಗೆದು ಜೇಬಿಗೆ ಹಾಕಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಐದು ನಿಮಿಷ ಕೂತು ಯೋಚಿಸಿ. ಸೆಲ್ಫ್ ಮೋಟಾರಿಗೆ ಕರುಣೆ ಇಲ್ಲ. ವಾಲ್ವ್ ಮತ್ತು ಪಿಸ್ಟನ್ ಒಂದನ್ನೊಂದು ತಾಕುವ ಹಂತದಲ್ಲಿದ್ದರೆ ಅದು ವಾಲ್ವನ್ನು ಬಗ್ಗಿಸಿಯೇ ಬಿಡುತ್ತದೆ. ಕೈಯಿಂದ ತಿರುಗಿಸುವಾಗ ಮಾತ್ರ ಆ ತಾಕುವಿಕೆ ನಿಮ್ಮ ಗಮನಕ್ಕೆ ಬರುತ್ತದೆ.

ಹೊಸಬರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇಷ್ಟು. ಬೆಲ್ಟ್ ಬಿಚ್ಚುವ ಮುಂಚೆ ಕಾರು ಚೆನ್ನಾಗಿ ಓಡುತ್ತಿತ್ತು ಎಂದಾದರೆ ಈಗಿನ ದೋಷ ನಿಮ್ಮ ಕೈ ಮುಟ್ಟಿದ ಜಾಗಗಳಲ್ಲೇ ಇರುವ ಸಂಭವ ಹೆಚ್ಚು. ಪೆಟ್ರೋಲ್ ಪಂಪ್, ಇಂಜೆಕ್ಟರ್, ಎಂಜಿನ್‌ನ ಕಂಪ್ಯೂಟರ್ ಆದ ಇಸಿಎಂ ಇವೆಲ್ಲ ಅದೇ ದಿನ ಹಾಳಾಗಲು ಕಾರಣವಿಲ್ಲ. ಆದ್ದರಿಂದ ಒಂದು ಕಾಗದ ತೆಗೆದುಕೊಂಡು ಏನೇನು ಬಿಚ್ಚಿದಿರಿ, ಏನೇನನ್ನು ಪಕ್ಕಕ್ಕೆ ಸರಿಸಿದಿರಿ, ಯಾವ ಕನೆಕ್ಟರ್ ಕಿತ್ತಿರಿ ಎಂದು ನೆನಪು ಮಾಡಿಕೊಂಡು ಬರೆಯಿರಿ. ಹುಡುಕಾಟ ಆ ಪಟ್ಟಿಯೊಳಗೇ ನಡೆಯಬೇಕು.

ಬೆಲ್ಟ್ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಿದ್ದರೆ ಮುಂದಿನದೆಲ್ಲ ಸುಲಭ. ಕೆಳಗೆ ಕ್ರ್ಯಾಂಕ್ ಶಾಫ್ಟ್ ಇದೆ, ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುವುದು ಅದು. ಮೇಲೆ ಹೆಡ್‌ನಲ್ಲಿ ಕ್ಯಾಮ್ ಶಾಫ್ಟ್ ಇದೆ, ವಾಲ್ವ್‌ಗಳನ್ನು ತೆರೆಯುವುದು ಅದು. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದೇ ಸುತ್ತು ಬರಬೇಕು. ಅದಕ್ಕಾಗಿಯೇ ಕ್ಯಾಮ್ ಸ್ಪ್ರಾಕೆಟ್‌ನಲ್ಲಿ ಕ್ರ್ಯಾಂಕ್ ಸ್ಪ್ರಾಕೆಟ್‌ಗಿಂತ ಎರಡು ಪಟ್ಟು ಹಲ್ಲುಗಳಿರುತ್ತವೆ. ಹಿಂದೆ ಈ ಕೆಲಸವನ್ನು ಗೇರ್ ಅಥವಾ ಚೈನ್ ಮಾಡುತ್ತಿತ್ತು. ಹಲ್ಲಿನ ರಬ್ಬರ್ ಬೆಲ್ಟನ್ನು ಮಾರುಕಟ್ಟೆಯ ಕಾರಿಗೆ ತಂದದ್ದು ಜರ್ಮನಿಯ ಗ್ಲಾಸ್ ಕಂಪನಿ, 1962ರಲ್ಲಿ, ತನ್ನ 1004 ಮಾದರಿಯಲ್ಲಿ. ಸದ್ದು ಕಡಿಮೆ, ತೂಕ ಕಡಿಮೆ, ಎಣ್ಣೆಯ ಹಂಗಿಲ್ಲ ಎಂಬ ಕಾರಣಕ್ಕೆ ಅದು ಬೇಗ ಹರಡಿತು. ನಮ್ಮ ರಸ್ತೆಗಳಲ್ಲಿ ಮಾರುತಿ 800, ಹಳೆಯ ಝೆನ್, ಸ್ಯಾಂಟ್ರೊ, ಡೀಸೆಲ್ ಇಂಡಿಕಾ, ಡಸ್ಟರ್ ಡೀಸೆಲ್, ಮೊದಲ ತಲೆಮಾರಿನ ಇನ್ನೋವಾ ಡೀಸೆಲ್ ಇವೆಲ್ಲ ಬೆಲ್ಟ್ ಇರುವ ಗಾಡಿಗಳು. ಒಂದೇ ಹೆಸರಿನ ಕಾರಿನಲ್ಲೂ ವ್ಯತ್ಯಾಸ ಇರಬಹುದು. ಹ್ಯುಂಡೈ ಐ10ರ 1.1 ಎಂಜಿನ್‌ಗೆ ಬೆಲ್ಟ್, ಅದೇ ಕಾರಿನ 1.2 ಕಪ್ಪಾ ಎಂಜಿನ್‌ಗೆ ಚೈನ್.

ಹಲ್ಲಿನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಹೆಚ್ಚಿನ ತೊಂದರೆಗಳ ಬೇರು ಇಲ್ಲೇ ಇದೆ. ಕ್ರ್ಯಾಂಕ್ ಸ್ಪ್ರಾಕೆಟ್‌ಗೆ 20 ಹಲ್ಲು ಇದೆ ಎಂದುಕೊಳ್ಳಿ. 360 ಡಿಗ್ರಿಯನ್ನು 20ರಿಂದ ಭಾಗಿಸಿದರೆ ಒಂದು ಹಲ್ಲಿಗೆ 18 ಡಿಗ್ರಿ. ಅಂದರೆ ಬೆಲ್ಟ್ ಒಂದೇ ಒಂದು ಹಲ್ಲು ಆಚೀಚೆ ಕೂತರೂ ವಾಲ್ವ್‌ಗಳು ಪಿಸ್ಟನ್ ಲೆಕ್ಕದಲ್ಲಿ 18 ಡಿಗ್ರಿ ಮುಂಚೆಯೋ ತಡವಾಗಿಯೋ ತೆರೆಯುತ್ತವೆ. ಕಣ್ಣಿಗೆ ಕೆಲವೇ ಮಿಲಿಮೀಟರ್‌ಗಳ ವ್ಯತ್ಯಾಸ, ಎಂಜಿನ್‌ಗೆ ಮಾತ್ರ ಬಹಳ ದೊಡ್ಡದು. ಬಹುಪಾಲು ಎಂಜಿನ್‌ಗಳು ಒಂದು ಹಲ್ಲಿನ ತಪ್ಪಿನಲ್ಲೂ ಸ್ಟಾರ್ಟ್ ಆಗುತ್ತವೆ, ಕುಂಟುತ್ತಾ ಓಡುತ್ತವೆ. ಎರಡು ಮೂರು ಹಲ್ಲು ತಪ್ಪಿದರೆ ಸ್ಟಾರ್ಟ್ ಆಗದೇ ಇರಬಹುದು. ಅದಕ್ಕಿಂತ ಹೆಚ್ಚಾದರೆ, ವಾಲ್ವಿಗೂ ಪಿಸ್ಟನ್‌ಗೂ ಒಂದೇ ಜಾಗದಲ್ಲಿ ಓಡಾಟ ಇರುವ ಎಂಜಿನ್‌ಗಳಲ್ಲಿ ಡಿಕ್ಕಿಯಾಗುವ ಅಪಾಯ ಬಹಳ. ಡೀಸೆಲ್ ಗಾಡಿಯವರು ಹೆಚ್ಚು ಹುಷಾರಾಗಿರಬೇಕು. ಡೀಸೆಲ್‌ನಲ್ಲಿ ಕಂಪ್ರೆಷನ್ ಬಹಳ, ಪಿಸ್ಟನ್ ಮೇಲೆ ಬಂದಾಗ ಹೆಡ್‌ಗೂ ಅದಕ್ಕೂ ನಡುವೆ ಜಾಗವೇ ಉಳಿಯುವುದಿಲ್ಲ.

ಈಗ ಕೈಯಿಂದ ತಿರುಗಿಸುವ ಪರೀಕ್ಷೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಗಾಡಿಯ ಕೆಳಗೆ ಬರೀ ಜಾಕ್ ಅಲ್ಲ, ಸ್ಟ್ಯಾಂಡ್ ಇರಲಿ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದರೆ ಕಂಪ್ರೆಷನ್ ಇಲ್ಲದೆ ಎಂಜಿನ್ ಹಗುರವಾಗಿ ತಿರುಗುತ್ತದೆ, ಏನಾದರೂ ತಾಕಿದರೆ ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಿ. ಹೆಚ್ಚಿನ ಕಾರುಗಳಲ್ಲಿ ಪುಲ್ಲಿಯ ಕಡೆಯಿಂದ ನೋಡಿದರೆ ಅದು ಗಡಿಯಾರದ ಮುಳ್ಳಿನ ದಿಕ್ಕು. ಆದರೆ 1998ರಲ್ಲಿ ಭಾರತಕ್ಕೆ ಬಂದ ಮೊದಲ ಹೊಂಡಾ ಸಿಟಿಯಂಥ ಕೆಲವು ಗಾಡಿಗಳ ಎಂಜಿನ್ ಎದುರು ದಿಕ್ಕಿಗೆ ತಿರುಗುತ್ತದೆ, ಕೈಪಿಡಿ ನೋಡಿಕೊಳ್ಳಿ. ಕ್ಯಾಮ್ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ ತಿರುಗಿಸಬೇಡಿ.

ಕೈಗೆ ಎರಡು ಬಗೆಯ ತಡೆ ಸಿಗಬಹುದು. ಒಂದು ಮೆತ್ತಗಿನದು. ಭಾರವಾಗುತ್ತದೆ, ಸ್ವಲ್ಪ ಹೊತ್ತು ಹಿಡಿದಿದ್ದರೆ ತಾನೇ ಸಡಿಲವಾಗುತ್ತದೆ. ಅದು ಕಂಪ್ರೆಷನ್, ಇಲ್ಲವೇ ವಾಲ್ವ್ ಸ್ಪ್ರಿಂಗಿನ ಒತ್ತಡ. ಇನ್ನೊಂದು ಗಟ್ಟಿ. ಇದ್ದಕ್ಕಿದ್ದಂತೆ, ಟಕ್ ಎಂದು, ಕಬ್ಬಿಣಕ್ಕೆ ಕಬ್ಬಿಣ ತಾಕಿ ನಿಲ್ಲುತ್ತದೆ. ಆ ಎರಡನೆಯದು ಸಿಕ್ಕರೆ ಅಲ್ಲೇ ನಿಲ್ಲಿಸಿ. ಉದ್ದ ಪೈಪು ಹಾಕಿ ಒತ್ತುವ ಯೋಚನೆ ಬೇಡ. ಕ್ಯಾಮ್ ಅಥವಾ ಕ್ರ್ಯಾಂಕ್ ಹಿಡಿದಿಡಲು ತೂರಿಸಿದ ಲಾಕ್ ಪಿನ್ ಇನ್ನೂ ಅಲ್ಲೇ ಉಳಿದಿದೆಯೇ ಎಂದು ಮೊದಲು ನೋಡಿ. ಕೆಲಸದ ಕೊನೆಗೆ ದಣಿದಿರುವಾಗ ಇದು ಬಹಳ ಸಲ ಮರೆತು ಹೋಗುತ್ತದೆ. ಪಿನ್ ಇಲ್ಲವಾದರೆ ಬೆಲ್ಟ್ ಬಿಚ್ಚಿ, ಸ್ಪ್ರಾಕೆಟ್‌ಗಳ ಟೈಮಿಂಗ್ ಮಾರ್ಕ್‌ಗಳನ್ನು ಹೊಸದಾಗಿ ಕೂಡಿಸಬೇಕು.

ಯಾವ ಗಟ್ಟಿ ತಡೆಯೂ ಇಲ್ಲದೆ ಕ್ರ್ಯಾಂಕ್ ಪೂರ್ತಿ ಎರಡು ಸುತ್ತು ಬಂದರೆ ಮಾರ್ಕ್‌ಗಳನ್ನು ಮತ್ತೆ ನೋಡಿ. ಕ್ರ್ಯಾಂಕ್ ಮಾರ್ಕ್ ತನ್ನ ಜಾಗಕ್ಕೆ ಬಂದಾಗ ಕ್ಯಾಮ್ ಮಾರ್ಕ್ ಕೂಡ ಕರಾರುವಾಕ್ಕಾಗಿ ತನ್ನ ಜಾಗದಲ್ಲಿರಬೇಕು. ಹೊಸ ಬೆಲ್ಟ್ ಮೇಲೆ ಬಿಳಿ ಗೆರೆಗಳಿದ್ದರೆ ಅವು ಈಗ ಸ್ಪ್ರಾಕೆಟ್ ಮಾರ್ಕ್‌ಗಳಿಗೆ ಹೊಂದುವುದಿಲ್ಲ. ಇದನ್ನು ಕಂಡು ಗಾಬರಿಯಾಗಿ ಸರಿಯಾಗಿ ಕೂತ ಬೆಲ್ಟನ್ನೇ ಬಿಚ್ಚುವವರಿದ್ದಾರೆ. ಬೆಲ್ಟ್‌ನ ಹಲ್ಲುಗಳ ಸಂಖ್ಯೆ ಸ್ಪ್ರಾಕೆಟ್‌ನ ಸುತ್ತಿಗೆ ಸಮನಾಗಿ ಭಾಗವಾಗುವುದಿಲ್ಲ. ಹಾಗಾಗಿ ಆ ಗೆರೆಗಳು ಮತ್ತೆ ಒಟ್ಟಿಗೆ ಬರಲು ಎಂಜಿನ್ ಎಷ್ಟೋ ಸುತ್ತು ತಿರುಗಬೇಕು. ಗೆರೆಗಳು ಬೆಲ್ಟ್ ಕೂರಿಸುವಾಗಿನ ಸಹಾಯಕ್ಕೆ ಮಾತ್ರ. ಆಮೇಲಿನ ಸಾಕ್ಷಿ ಸ್ಪ್ರಾಕೆಟ್‌ನ ಮಾರ್ಕ್‌ಗಳದ್ದು.

ಯಾವ ಮಾರ್ಕನ್ನು ನೋಡುತ್ತಿದ್ದೇವೆ ಎಂಬುದೂ ಮುಖ್ಯ. ಹೊರಗಿನ ಕ್ರ್ಯಾಂಕ್ ಪುಲ್ಲಿಯಲ್ಲಿ ಒಂದಕ್ಕಿಂತ ಹೆಚ್ಚು ಗೀರುಗಳಿರಬಹುದು. ಒಂದು ಟಿಡಿಸಿ, ಅಂದರೆ ಪಿಸ್ಟನ್ ತೀರಾ ಮೇಲೆ ಬಂದ ಸ್ಥಾನ. ಇನ್ನೊಂದು ಇಗ್ನಿಷನ್ ಟೈಮಿಂಗ್ ನೋಡಲು ಕೊಟ್ಟದ್ದು. ಅವೆರಡರ ನಡುವೆ ಹೆಚ್ಚುಕಡಿಮೆ ಒಂದು ಹಲ್ಲಿನಷ್ಟೇ ಅಂತರ ಇರುವುದರಿಂದ ತಪ್ಪು ಗೀರಿಗೆ ಕೂಡಿಸಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಒಳಗಿನ ಸ್ಪ್ರಾಕೆಟ್‌ನಲ್ಲಿ ಬೇರೆ ಮಾರ್ಕ್ ಇದ್ದರೆ ನಂಬಬೇಕಾದದ್ದು ಅದನ್ನೇ. ಅನುಮಾನ ಬಂದರೆ ಒಂದನೇ ಸಿಲಿಂಡರ್‌ನ ಪ್ಲಗ್ ತೂತಿನಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿಯೊಂದನ್ನು ಕೈಯಲ್ಲಿ ಹಿಡಿದು ಇಳಿಸಿ. ಕ್ರ್ಯಾಂಕ್ ತಿರುಗುತ್ತಿದ್ದಂತೆ ಕಡ್ಡಿ ಮೇಲೇಳುತ್ತದೆ, ಇನ್ನೇನು ಇಳಿಯಬೇಕು ಎನ್ನುವ ಸ್ಥಾನವೇ ಟಿಡಿಸಿ.

ಮಾರ್ಕ್ ಎಲ್ಲ ಕೂಡಿಸಿಯೇ ಬೆಲ್ಟ್ ಹಾಕಿದ್ದೆ, ಆದರೂ ಒಂದು ಹಲ್ಲು ಯಾಕೆ ತಪ್ಪಿತು? ವಿದ್ಯಾರ್ಥಿಗಳು ತಪ್ಪದೇ ಕೇಳುವ ಪ್ರಶ್ನೆ ಇದು. ಉತ್ತರ ಬೆಲ್ಟ್‌ನ ಸಡಿಲದಲ್ಲಿದೆ. ಎಂಜಿನ್ ಓಡುವಾಗ ಕ್ರ್ಯಾಂಕ್ ಬೆಲ್ಟ್‌ನ ಒಂದು ಬದಿಯನ್ನು ಕೆಳಕ್ಕೆ ಎಳೆಯುತ್ತದೆ, ಆ ಬದಿ ಸದಾ ಬಿಗಿ. ಇನ್ನೊಂದು ಬದಿ ಸಡಿಲ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಇರುವುದು ಆ ಸಡಿಲ ಬದಿಯಲ್ಲಿ. ಬೆಲ್ಟ್ ಕೂರಿಸುವಾಗ ಎಳೆಯುವ ಬದಿಯಲ್ಲಿ ಸ್ವಲ್ಪ ಸಡಿಲ ಉಳಿದಿದ್ದರೆ ಟೆನ್ಷನರ್ ಬಿಟ್ಟ ಕೂಡಲೇ ಆ ಸಡಿಲವೆಲ್ಲ ಅದರ ಕಡೆಗೆ ಸರಿಯುತ್ತದೆ. ಅದರ ಜೊತೆಗೆ ಕ್ಯಾಮ್ ಕೂಡ ಸರಿಯುತ್ತದೆ. ಕ್ಯಾಮ್ ತನ್ನಷ್ಟಕ್ಕೆ ಸುಮ್ಮನೆ ನಿಲ್ಲುವ ವಸ್ತುವೂ ಅಲ್ಲ. ವಾಲ್ವ್ ಸ್ಪ್ರಿಂಗ್‌ಗಳು ಅದನ್ನು ಒತ್ತುತ್ತಲೇ ಇರುತ್ತವೆ, ಬೆಲ್ಟ್ ತೆಗೆದೊಡನೆ ಅದು ಕೆಲವು ಡಿಗ್ರಿ ಆಚೀಚೆ ಹೊರಳಬಹುದು. ಆದ್ದರಿಂದ ಕ್ರ್ಯಾಂಕ್ ಸ್ಪ್ರಾಕೆಟ್‌ನಿಂದ ಶುರು ಮಾಡಿ, ಎಳೆಯುವ ಬದಿಯನ್ನು ಕೈಯಲ್ಲೇ ಬಿಗಿಯಾಗಿ ಹಿಡಿದು ಕ್ಯಾಮ್ ಸ್ಪ್ರಾಕೆಟ್‌ಗೆ ಏರಿಸಿ, ಕೊನೆಗೆ ಟೆನ್ಷನರ್ ಕಡೆಗೆ ಬರಬೇಕು. ಪೂರ್ತಿ ಸಡಿಲ ಅಲ್ಲೇ ಬಂದು ಸೇರಬೇಕು.

ಮಾರ್ಕ್ ಸರಿ ಇದೆ, ಎಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಇಲ್ಲ. ಈಗ ಪ್ಲಗ್‌ಗಳನ್ನು ಮತ್ತೆ ಹಾಕಿ, ಬ್ಯಾಟರಿ ಜೋಡಿಸಿ, ಸೆಲ್ಫ್ ಹೊಡೆದು ಕಿವಿಗೊಟ್ಟು ಕೇಳಿ. ಆರೋಗ್ಯವಂತ ಎಂಜಿನ್‌ನ ಸೆಲ್ಫ್ ಸದ್ದಿನಲ್ಲಿ ಒಂದು ಏರಿಳಿತ ಇರುತ್ತದೆ. ಪ್ರತಿ ಸಿಲಿಂಡರ್ ಗಾಳಿಯನ್ನು ಅದುಮುವಾಗ ಸದ್ದು ಒಮ್ಮೆ ಭಾರವಾಗಿ ಮತ್ತೆ ಹಗುರವಾಗುತ್ತದೆ. ಆ ಏರಿಳಿತವೇ ಇಲ್ಲದೆ ಒಂದೇ ಸಮನೆ ಜೋರಾಗಿ ತಿರುಗಿದರೆ ಕಂಪ್ರೆಷನ್ ಇಲ್ಲ ಎಂದರ್ಥ. ಅದಕ್ಕೆ ಟೈಮಿಂಗ್ ತುಂಬ ತಪ್ಪಿರಬೇಕು, ಇಲ್ಲವೇ ವಾಲ್ವ್‌ಗಳು ಬಗ್ಗಿರಬೇಕು. ಏರಿಳಿತ ಸಮನಾಗಿಲ್ಲದೆ ನಡುವೆ ಒಂದು ಬಡಿತ ತಪ್ಪಿದಂತಿದ್ದರೆ ಯಾವುದೋ ಒಂದು ಸಿಲಿಂಡರ್‌ನ ಮೇಲೆ ಸಂಶಯ ಇಡಿ.

ಸೆಲ್ಫ್ ಸದ್ದು ಚೆನ್ನಾಗಿದ್ದೂ ಎಂಜಿನ್ ಕೆಮ್ಮುವುದೇ ಇಲ್ಲವಾದರೆ ಕ್ರ್ಯಾಂಕ್ ಸೆನ್ಸರ್ ನೋಡಿ. ಅನೇಕ ಗಾಡಿಗಳಲ್ಲಿ ಅದು ನೀವು ಕೆಲಸ ಮಾಡಿದ ಪುಲ್ಲಿಯ ಪಕ್ಕದಲ್ಲೇ ಇರುತ್ತದೆ. ಕನೆಕ್ಟರ್ ಹಾಕಲು ಮರೆತಿರಬಹುದು, ವೈರ್ ಕವರಿನ ಅಂಚಿಗೆ ಸಿಕ್ಕಿ ನಲುಗಿರಬಹುದು, ಸೆನ್ಸರ್ ಓದುವ ಹಲ್ಲಿನ ಚಕ್ರ ಸ್ಕ್ರೂಡ್ರೈವರ್ ತಾಕಿ ಸೊಟ್ಟಗಾಗಿರಬಹುದು. ಈ ಸೆನ್ಸರ್ ಸುದ್ದಿ ಕೊಡದಿದ್ದರೆ ಇಸಿಎಂ ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಬಿಡುವುದಿಲ್ಲ. ಅನೇಕ ಕಾರುಗಳಲ್ಲಿ ಇದಕ್ಕೊಂದು ಸುಳಿವಿದೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಮೇಲೇಳಬೇಕು. ಅದು ಸೊನ್ನೆಯಲ್ಲೇ ಮಲಗಿದ್ದರೆ ಬೆಲ್ಟ್ ಬಿಟ್ಟು ಸೆನ್ಸರ್ ಕಡೆ ತಿರುಗಿ. ಒಬಿಡಿ ಸ್ಕ್ಯಾನರ್ ಸಿಕ್ಕರೆ ಕೆಲಸ ಇನ್ನೂ ಹಗುರ. ಪಿ0335 ಕೋಡ್ ಕ್ರ್ಯಾಂಕ್ ಸೆನ್ಸರ್‌ನದು, ಪಿ0340 ಕ್ಯಾಮ್ ಸೆನ್ಸರ್‌ನದು. ಪಿ0016 ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದು ಇಸಿಎಂ ದೂರುತ್ತಿದೆ. ಬೆಲ್ಟ್ ಬದಲಿಸಿದ ಮರುದಿನ ಈ ಕೋಡ್ ಕಂಡರೆ ಸೆನ್ಸರ್ ಕೊಳ್ಳಲು ಓಡಬೇಡಿ, ಕವರ್ ಬಿಚ್ಚಿ ಹಲ್ಲು ನೋಡಿ.

ಎಂಜಿನ್ ಸ್ಟಾರ್ಟ್ ಆಗಿದೆ, ಆದರೆ ಓಟದಲ್ಲಿ ಜೀವವಿಲ್ಲ. ಇದೇ ಎಲ್ಲಕ್ಕಿಂತ ಮೋಸದ ಸ್ಥಿತಿ, ಯಾಕೆಂದರೆ ಗಾಡಿ ಹೇಗೋ ಓಡುತ್ತದೆ ಎಂದು ಮನಸ್ಸು ಸಮಾಧಾನ ಮಾಡಿಕೊಳ್ಳುತ್ತದೆ. ಕ್ಯಾಮ್ ಒಂದು ಹಲ್ಲು ತಡವಾದರೆ ಕೆಳಗಿನ ವೇಗದಲ್ಲಿ ಪಿಕಪ್ ಸತ್ತಿರುತ್ತದೆ, ಚಡಾವು ಹತ್ತುವಾಗ ಏದುಸಿರು. ಮುಂಚೆಯಾದರೆ ಕೆಳಗೆ ಪರವಾಗಿಲ್ಲ ಎನಿಸಿ, ಹೆಚ್ಚಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತದೆ. ಕಂಪ್ರೆಷನ್ ಮೀಟರ್ ಹಾಕಿದಾಗಲೂ ಈ ವ್ಯತ್ಯಾಸ ಕಾಣುತ್ತದೆ. ಕ್ಯಾಮ್ ತಡವಾಗಿದ್ದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚಿ, ಒಳಗೆ ಬಂದ ಗಾಳಿ ಹಿಂದಕ್ಕೆ ಹೋಗುತ್ತದೆ. ಆಗ ಎಲ್ಲ ಸಿಲಿಂಡರ್‌ಗಳೂ ಒಂದೇ ಸಮನಾಗಿ ಕಡಿಮೆ ತೋರಿಸುತ್ತವೆ. ಮುಂಚೆಯಾಗಿದ್ದರೆ ಮೀಟರ್ ಚೆನ್ನಾಗಿಯೇ ತೋರಿಸಬಹುದು. ಹಾಗಾಗಿ ಮೀಟರ್ ಸರಿ ಹೇಳಿತೆಂದು ಬೆಲ್ಟನ್ನು ಸಂಶಯದಿಂದ ಬಿಡಬೇಡಿ.

ಪೆಟ್ರೋಲ್ ಗಾಡಿಗೆ ವ್ಯಾಕ್ಯೂಮ್ ಗೇಜ್ ಒಳ್ಳೆಯ ಸಂಗಾತಿ. ಈಗ ಯಾರೂ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ ಎಂಬ ಬೇಸರ ನನಗಿದೆ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಸಮುದ್ರ ಮಟ್ಟದಲ್ಲಿ ಮುಳ್ಳು ಸುಮಾರು 17ರಿಂದ 21 ಇಂಚಿನ ನಡುವೆ ಅಲುಗಾಡದೆ ನಿಲ್ಲಬೇಕು. ಪ್ರತಿ ಸಾವಿರ ಅಡಿ ಎತ್ತರಕ್ಕೆ ಒಂದು ಇಂಚಿನಷ್ಟು ಇಳಿಯುತ್ತದೆ. ಮಂಗಳೂರಿನಲ್ಲಿ 18 ತೋರಿಸುವ ಎಂಜಿನ್ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ 15 ತೋರಿಸಿದರೆ ರೋಗವೇನಲ್ಲ. ಅದಕ್ಕಿಂತಲೂ ಬಹಳ ಕೆಳಗೆ, ಸ್ಥಿರವಾಗಿ ನಿಂತಿದ್ದರೆ ವಾಲ್ವ್ ಟೈಮಿಂಗ್ ತಡವಾಗಿರಬಹುದು. ಮುಳ್ಳು ನಿಯಮಿತವಾಗಿ ಕುಪ್ಪಳಿಸುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ.

ಹಳೆಯ ಕಾರ್ಬೊರೇಟರ್ ಮಾರುತಿ 800 ಇಟ್ಟುಕೊಂಡವರಿಗೆ ಒಂದು ಮಾತು. ಅದರ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್‌ನಿಂದಲೇ. ಬೆಲ್ಟ್ ಹಲ್ಲು ತಪ್ಪಿದರೆ ವಾಲ್ವ್ ಜೊತೆಗೆ ಕಿಡಿಯ ಸಮಯವೂ ತಪ್ಪುತ್ತದೆ. ಆಗ ಡಿಸ್ಟ್ರಿಬ್ಯೂಟರ್ ತಿರುವಿ ಓಟ ಸ್ವಲ್ಪ ಸುಧಾರಿಸಿದರೆ ಕೆಲಸ ಆಯಿತು ಎನ್ನುವವರಿದ್ದಾರೆ. ಕಿಡಿ ಸರಿಹೋಗುತ್ತದೆ, ವಾಲ್ವ್ ತಪ್ಪು ಹಾಗೆಯೇ ಉಳಿಯುತ್ತದೆ, ಮುಂದೆ ನೋಡುವವನಿಗೆ ದೋಷ ಸಿಗದಂತೆ ಮುಚ್ಚಿಯೂ ಹೋಗುತ್ತದೆ. ಇಂಜೆಕ್ಷನ್ ಪಂಪ್ ಬೆಲ್ಟ್‌ನಿಂದಲೇ ತಿರುಗುವ ಹಳೆಯ ಡೀಸೆಲ್‌ಗಳಲ್ಲೂ ಇದೇ ಕಥೆ. ಪಂಪಿನ ಮಾರ್ಕ್ ತಪ್ಪಿದರೆ ಬಿಳಿ ಹೊಗೆ, ಬಡಿಯುವ ಸದ್ದು, ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ.

ನಡುಕ ಕಂಡಾಗಲೆಲ್ಲ ಹಲ್ಲು ತಪ್ಪಿದೆ ಎಂದುಕೊಳ್ಳಬೇಕಿಲ್ಲ. ಎಂಜಿನ್ ಅಡ್ಡಲಾಗಿ ಕೂತಿರುವ ಅನೇಕ ಸಣ್ಣ ಕಾರುಗಳಲ್ಲಿ ಬೆಲ್ಟ್ ತೆಗೆಯಲು ಆ ಬದಿಯ ಎಂಜಿನ್ ಮೌಂಟ್ ಬಿಚ್ಚಬೇಕಾಗುತ್ತದೆ. ಮೌಂಟಿನ ಬೋಲ್ಟ್ ಸಡಿಲ ಉಳಿದರೆ, ಇಲ್ಲವೇ ಎಂಜಿನ್ ಕೆಳಗಿನ ಜಾಕ್ ಇಳಿಸುವ ಮುಂಚೆಯೇ ಮೌಂಟ್ ಸೆಳೆತದಲ್ಲಿ ಬಿಗಿಯಾದರೆ, ಸ್ಟಿಯರಿಂಗ್‌ವರೆಗೂ ನಡುಕ ಬರುತ್ತದೆ. ಐಡ್ಲಿಂಗ್ ಮೇಲೆದ್ದು ಸೂಸ್ ಎನ್ನುವ ಸದ್ದಿದ್ದರೆ ಕಳಚಿದ ವ್ಯಾಕ್ಯೂಮ್ ಪೈಪ್ ಹುಡುಕಿ. ಬ್ಯಾಟರಿ ಬಿಚ್ಚಿದ್ದರಿಂದ ಇಸಿಎಂ ತನ್ನ ಹಳೆಯ ಐಡ್ಲಿಂಗ್ ಲೆಕ್ಕ ಮರೆತಿದ್ದರೆ ಸ್ವಲ್ಪ ಓಡಿದ ಮೇಲೆ ತಾನೇ ಸರಿಹೋಗುತ್ತದೆ. ಪ್ಲಗ್ ವೈರ್ ಅದಲುಬದಲಾದರೂ ಎಂಜಿನ್ ಮಿಸ್ ಹೊಡೆಯುತ್ತದೆ. ಸ್ಯಾಂಟ್ರೊದಂಥ ನಾಲ್ಕು ಸಿಲಿಂಡರ್ ಗಾಡಿಗಳಲ್ಲಿ ಸಾಮಾನ್ಯವಾಗಿ ಕಿಡಿಯ ಕ್ರಮ 1-3-4-2.

ಇನ್ನು ಸದ್ದುಗಳು. ವೇಗದ ಜೊತೆ ಏರುವ ಕುಂಯ್ ಎಂಬ ಕೊರಗು ಬೆಲ್ಟ್ ಅತಿ ಬಿಗಿಯಾದ ಗುರುತು. ಹಾಗೇ ಬಿಟ್ಟರೆ ವಾಟರ್ ಪಂಪ್ ಮತ್ತು ಐಡ್ಲರ್ ಬೇರಿಂಗ್‌ಗಳು ಬೇಗ ಸಾಯುತ್ತವೆ. ಕವರಿಗೆ ಪಟಪಟ ಬಡಿದರೆ ಬೆಲ್ಟ್ ಸಡಿಲ, ತಡಮಾಡಬೇಡಿ, ಹಲ್ಲು ಹಾರುವುದು ಇದರಿಂದಲೇ. ಗರಗರ ಎಂದರೆ ಟೆನ್ಷನರ್ ಅಥವಾ ಐಡ್ಲರ್ ಬೇರಿಂಗ್. ಹೊಸ ಬೆಲ್ಟ್ ಹಾಕಿ ಹಳೆಯ ಬೇರಿಂಗ್ ಉಳಿಸುವುದು ನನ್ನ ಪ್ರಕಾರ ಉಳಿತಾಯವಲ್ಲ. ಸಂಶಯ ಉಳಿದರೆ ಹಳೆಯ ಬೆಲ್ಟನ್ನು ಹೊಸದರ ಪಕ್ಕ ಇಟ್ಟು ನೋಡಬೇಕು. ಹಲ್ಲುಗಳ ಸಂಖ್ಯೆ, ಅಗಲ, ಹಲ್ಲಿನ ಆಕಾರ ಮೂರೂ ಹೊಂದಬೇಕು. ದುಂಡು ಹಲ್ಲಿನ ಸ್ಪ್ರಾಕೆಟ್‌ಗೆ ಚಪ್ಪಟೆ ತುದಿಯ ಹಲ್ಲಿನ ಬೆಲ್ಟ್ ಕೂತಂತೆ ಕಂಡರೂ ಬಾಳುವುದಿಲ್ಲ. ಆದ್ದರಿಂದ ಗಾಡಿ ಚೆನ್ನಾಗಿ ಓಡುವವರೆಗೂ ಹಳೆಯ ಬೆಲ್ಟ್ ಎಸೆಯಬೇಡಿ.

ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಬಗ್ಗೆ ಒತ್ತಿ ಹೇಳಬೇಕು. ಅದನ್ನು ಟಾರ್ಕ್ ರೆಂಚ್‌ನಿಂದ, ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಬೇಕು. ಸಡಿಲ ಉಳಿದರೆ ಪುಲ್ಲಿ ತೂಗಾಡಿ ಅದು ಶಾಫ್ಟ್ ಮೇಲೆ ಜಾರದಂತೆ ಹಿಡಿಯುವ ಒಳಗಿನ ಕೀ ತುಂಡಾಗುತ್ತದೆ. ಕೆಲವು ರೆನೋ ಮತ್ತು ಫೋರ್ಡ್ ಎಂಜಿನ್‌ಗಳಲ್ಲಿ ಕೀ ಇರುವುದೇ ಇಲ್ಲ, ಬೋಲ್ಟಿನ ಬಿಗಿಯೊಂದೇ ಹಿಡಿತ. ಅಲ್ಲಿ ಬೋಲ್ಟ್ ಸಡಿಲವಾದರೆ ಬೆಲ್ಟ್ ಸರಿಯಾಗಿದ್ದೂ ಟೈಮಿಂಗ್ ಜಾರುತ್ತದೆ.

ವಾಟರ್ ಪಂಪ್ ಬದಲಿಸಿದ್ದರೆ ಮೊದಲ ದಿನಗಳಲ್ಲಿ ಹೀಟ್ ಮುಳ್ಳಿನ ಮೇಲೆ ಕಣ್ಣಿಡಿ. ಕೂಲೆಂಟ್ ತುಂಬಿದಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಎಂಜಿನ್ ಬಿಸಿಯೇರುತ್ತದೆ, ಅದು ಬೆಲ್ಟ್‌ನ ದೋಷವಲ್ಲ. ಎಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು ಗಾಳಿ ಹೊರಹಾಕಿ ಮತ್ತೆ ತುಂಬಬೇಕು. ಬಿಸಿಯಾಗಿರುವಾಗ ಕ್ಯಾಪ್ ಮುಟ್ಟಲೇಬಾರದು.

ಕಂಪ್ರೆಷನ್ ಮೀಟರ್ ಒಂದೋ ಎರಡೋ ಸಿಲಿಂಡರ್‌ನಲ್ಲಿ ಸೊನ್ನೆಯ ಹತ್ತಿರ ತೋರಿಸಿದರೆ ಪ್ಲಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಇನ್ನೊಮ್ಮೆ ಅಳೆಯಿರಿ. ಅಂಕಿ ಏರಿದರೆ ದೋಷ ಪಿಸ್ಟನ್ ರಿಂಗ್‌ನದು. ಏರದಿದ್ದರೆ ವಾಲ್ವ್. ಕಂಪ್ರೆಸರ್ ಇದ್ದರೆ ಆ ಸಿಲಿಂಡರನ್ನು ಟಿಡಿಸಿಗೆ ತಂದು, ಎರಡೂ ವಾಲ್ವ್ ಮುಚ್ಚಿರುವ ಸ್ಥಾನದಲ್ಲಿ ಗಾಳಿ ತುಂಬಿ. ಸೈಲೆನ್ಸರ್‌ನಲ್ಲಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಪೈಪಿನಲ್ಲಿ ಎಂದರೆ ಇನ್‌ಟೇಕ್ ವಾಲ್ವ್ ಬಗ್ಗಿದೆ. ಅಲ್ಲಿಂದ ಮುಂದೆ ಹೆಡ್ ಇಳಿಸಲೇಬೇಕು. ಹೊಸ ವಾಲ್ವ್, ಗೈಡ್‌ಗಳ ತಪಾಸಣೆ, ಹೆಡ್ ಗ್ಯಾಸ್ಕೆಟ್, ಮಷೀನ್ ಶಾಪ್‌ನಲ್ಲಿ ಹೆಡ್‌ನ ಮಟ್ಟ ನೋಡುವುದು ಇವೆಲ್ಲ ಸೇರುತ್ತವೆ. ಮೊದಲ ಸಲ ಬೆಲ್ಟ್ ಹಾಕಿದವರು ಈ ಕೆಲಸಕ್ಕೆ ಒಬ್ಬರೇ ಇಳಿಯದಿರುವುದು ಒಳ್ಳೆಯದು. ಗಾಡಿಯನ್ನು ಓಡಿಸಿಕೊಂಡು ಹೋಗದೆ ಟೋ ಮಾಡಿಸಿ, ಆರಂಭದಲ್ಲಿ ಬರೆದಿಟ್ಟ ಕಾಗದವನ್ನೂ ಹಳೆಯ ಬೆಲ್ಟನ್ನೂ ಮೆಕ್ಯಾನಿಕ್ ಕೈಗೆ ಕೊಡಿ. ಯಾವ ಸಿಲಿಂಡರ್‌ನಲ್ಲಿ ಎಷ್ಟು ಕಂಪ್ರೆಷನ್ ಇತ್ತು, ಬೆಲ್ಟ್ ಹಾಕಿದ ಮೇಲೆ ಎಷ್ಟು ಹೊತ್ತು ಸೆಲ್ಫ್ ಹೊಡೆದಿರಿ ಎಂಬುದನ್ನೂ ಮುಚ್ಚಿಡದೆ ಹೇಳಿ. ಅವರು ಎಲ್ಲಿಂದ ಶುರು ಮಾಡಬೇಕೆಂದು ನಿರ್ಧರಿಸುವುದು ಅದರ ಮೇಲೆಯೇ.